ಪುಂಟಾ ಕಾನಾ ರೆಸಾರ್ಟಿನಿಂದ ಅರ್ಧ ದಿನ ಹೊರಗೆ: ಅತ್ತೆ ಮಾವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಎಡಿಸನ್ ಸೊಸೆ:
ನಮಸ್ಕಾರ. ಈಸ್ಟರ್‌ಗೆ ಎರಡು ವಾರ ಮೊದಲು ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾಗೆ ಹೊರಟಿದ್ದೇವೆ. ಬಾವಾರೊ ಬೀಚಿನಲ್ಲಿ ಒಂದು ರೆಸಾರ್ಟ್. ಐದು ರಾತ್ರಿ, ಊಟ ತಿಂಡಿ ಎಲ್ಲಾ ಸೇರಿ. ನಾವಿಬ್ಬರು, 11 ಮತ್ತು 7 ವರ್ಷದ ಮಕ್ಕಳು, ಜೊತೆಗೆ ಅರಸೀಕೆರೆಯಿಂದ ಬಂದಿರುವ ಅತ್ತೆ ಮಾವ.

ಅತ್ತೆಗೆ ಬೀಚು ಆಗಿಬರಲ್ಲ. ಹೋದ ಬೇಸಿಗೆ ಫ್ಲಾರಿಡಾದಲ್ಲಿ ಅರ್ಧ ಗಂಟೆ ಸಮುದ್ರ ನೋಡಿ, "ನೀರು ಬಂತು, ಹೋಯ್ತು. ಆಮೇಲೆ?" ಅಂದರು. ಐದು ದಿನ ಇದನ್ನೇ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ.

ರೆಸಾರ್ಟಿನವರ ಪಟ್ಟಿಯಲ್ಲಿ ಅರ್ಧ ದಿನದ 'ಸಾಂಸ್ಕೃತಿಕ ಪ್ರವಾಸ' ಅಂತ ಮೂರು ಇವೆ. ತೆರೆದ ಟ್ರಕ್ಕಿನಲ್ಲಿ ಹಳ್ಳಿ ಸಫಾರಿ. ಇಗ್ವೇ ಅನ್ನುವ ಊರಿನ ಚರ್ಚು ಮತ್ತು ಮಾರ್ಕೆಟ್. ಆಲ್ತೋಸ್ ದೆ ಚಾವೋನ್ ಅನ್ನುವ ಕಲ್ಲಿನ ಹಳ್ಳಿ. ಮಾವನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಾರರು. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಹೋಗಿಬಂದವರು ಇದ್ದರೆ ಹೇಳಿ. ಇಲ್ಲಾಂದ್ರೆ ರೂಮಲ್ಲೇ ಕೂರಿಸಿ ಧಾರಾವಾಹಿ ಹಾಕಿಕೊಡಬೇಕಷ್ಟೆ.

ಬೀದಿ ಬಸವ:
ಟ್ರಕ್ ಸಫಾರಿ ಬೇಡ. ಮಂಡಿ ನೋವಿದ್ದರಂತೂ ಬೇಡವೇ ಬೇಡ.

ನಾವು 2019ರಲ್ಲಿ ಹೋಗಿದ್ದೆವು. ಯಾರ ಮೂಲಕ ಅಂತ ಹೇಳಲ್ಲ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ ಅಂತ ಆಮೇಲೆ ಗೊತ್ತಾಯ್ತು. ಬೆಳಿಗ್ಗೆ ಏಳೂವರೆಗೆ ಹತ್ತಿಸಿಕೊಂಡರು. ಅಲ್ಲಿಂದ ಇನ್ನೂ ಎಂಟು ಹೋಟೆಲ್ ಸುತ್ತಿ ಜನ ತುಂಬಿಸಿಕೊಂಡರು. ಅರ್ಧ ದಿನದ ಪ್ರವಾಸದಲ್ಲಿ ಒಂದೂವರೆ ಗಂಟೆ ಬೇರೆ ಹೋಟೆಲುಗಳ ಗೇಟು ನೋಡಿದ್ದೇ ಆಯ್ತು. ಆಮೇಲೆ 'ಹಳ್ಳಿಯ ಮನೆ'. ಅಲ್ಲಿ ಒಂದು ಗುಕ್ಕು ಕಾಫಿ, ಒಂದು ತುಂಡು ಚಾಕೊಲೇಟ್, ಒಂದು ಸಣ್ಣ ಲೋಟ ಮಾಮಾಹುವಾನಾ. ಅದೇನಪ್ಪಾ ಅಂದ್ರೆ ರಮ್, ರೆಡ್ ವೈನ್, ಜೇನುತುಪ್ಪ ಮೂರನ್ನೂ ಮರದ ತೊಗಟೆ ಬೇರುಗಳ ಮೇಲೆ ಸುರಿದು ನೆನೆಸಿದ್ದು. ಕೆಮ್ಮಿಗೆ ಅಜ್ಜಿ ಕೊಡುವ ಕಷಾಯಕ್ಕೆ ಅಮಲು ಬಂದ ಹಾಗೆ. ಇಷ್ಟಕ್ಕೆ 20 ನಿಮಿಷ. ಪಕ್ಕದ ಅಂಗಡಿಯಲ್ಲಿ 50 ನಿಮಿಷ.

ಕೊನೆಗೆ ಒಂದು ಶಾಲೆ. ದಾರಿಯಲ್ಲೇ ಟ್ರಕ್ ನಿಲ್ಲಿಸಿ, ಮಕ್ಕಳಿಗೆ ಕೊಡಲು ಚಾಕೊಲೇಟು ಪೆನ್ನು ತಗೊಳ್ಳಿ ಅಂದರು. ಪಾಠ ನಿಲ್ಲಿಸಿ ಮಕ್ಕಳು ಎದ್ದು ನಿಂತು ಹಾಡು ಹೇಳಿದರು. ನಾವೆಲ್ಲ ಫೋಟೊ ತೆಗೆದೆವು. ವಾಪಸ್ ಬರುವಾಗ ನನ್ನ ಮಗಳು, ಆಗ ಒಂಬತ್ತು ವರ್ಷ, "ನಮ್ಮ ಸ್ಕೂಲಿಗೂ ಹೀಗೆ ಲಾರಿ ಬರುತ್ತಾ?" ಅಂತ ಕೇಳಿದಳು. ಆ ಫೋಟೊಗಳನ್ನು ಯಾರಿಗೂ ತೋರಿಸಿಲ್ಲ.

ಟೊರಾಂಟೊ ತಿಂಡಿಪೋತ:
ಬಸವ ಅವರೇ, ಶಾಲೆ ವಿಷಯ ಒಪ್ಪಿದೆ. ಆದರೆ ಎಲ್ಲಾ ಸಫಾರಿಗೂ ಒಂದೇ ಬಣ್ಣ ಬಳಿಯಬೇಡಿ. ನಮ್ಮ ಗೈಡ್ ಆ ಹಳ್ಳಿಯ ಹುಡುಗನೇ. ಚಿಕ್ಕಮ್ಮನ ಮನೆ ಮುಂದೆ ಗಾಡಿ ನಿಲ್ಲಿಸಿ ಹರಟೆ ಹೊಡೆದು ಬಂದ. ಪಕ್ಕದ ಕೊಲ್ಮಾದೊದಲ್ಲಿ (ನಮ್ಮ ಬೀದಿ ಕೊನೆಯ ಕಿರಾಣಿ ಅಂಗಡಿ ಇದ್ದ ಹಾಗೆ, ಆದರೆ ಸ್ಪೀಕರ್ ಮನೆಗಿಂತ ದೊಡ್ಡದು) ನಾಲ್ಕು ಮುದುಕರು ಡಾಮಿನೊ ಬಿಲ್ಲೆಗಳನ್ನು ಮೇಜಿಗೆ ಬಡಿಯುತ್ತಾ ಕೂತಿದ್ದರು. ನಮ್ಮನ್ನು ತಿರುಗಿಯೂ ನೋಡಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾಗಿದ್ದು ಅದೇ.

ಆದರೆ ಹಿರಿಯರಿಗೆ ಟ್ರಕ್ ಬೇಡ. ಧೂಳು, ಕುಲುಕಾಟ. ಅದು ನಿಜ.

ಸಾಂತೊದ ಹಳಬ:
ನಾನು ಕೆಲಸದ ಮೇಲೆ ಅಲ್ಲಿನ ರಾಜಧಾನಿ ಸಾಂತೊ ದೊಮಿಂಗೊದಲ್ಲಿ ಎರಡು ವರ್ಷ ಇದ್ದೆ. ಇಗ್ವೇಗೆ ಮೂರು ಸಲ ಹೋಗಿದ್ದೇನೆ, ಮೂರೂ ಸಲ ಡೊಮಿನಿಕನ್ ಸಹೋದ್ಯೋಗಿಗಳ ಜೊತೆ, ಅವರ ಹರಕೆಗೆ. ಎಡಿಸನ್ ಸೊಸೆಯವರೇ, ನಿಮ್ಮ ಅತ್ತೆಗೆ ಇದೇ ಸರಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಪುಂಟಾ ಕಾನಾ ಅನ್ನೋದು ಊರೇ ಅಲ್ಲ. 1969ರಲ್ಲಿ ಕೆಲವು ಅಮೆರಿಕನ್ನರು ಮತ್ತು ಫ್ರಾಂಕ್ ರೈನಿಯೇರಿ ಅನ್ನುವ ಸ್ಥಳೀಯ ಯುವಕ ಸೇರಿ ಆ ಜಾಗ ಖರೀದಿಸುವಾಗ ಅದು ರಸ್ತೆಯೂ ಇಲ್ಲದ ಕಾಡು. ಹೆಸರು ಕೂಡ ಬೇರೆ ಇತ್ತು, ಪುಂಟಾ ಬೋರಾಚೋನ್. ಅಂದ್ರೆ ಕುಡುಕನ ಮೂಲೆ. ರೆಸಾರ್ಟಿಗೆ ಆ ಹೆಸರು ಇಡೋಕಾಗುತ್ತಾ? ಅಲ್ಲಿ ಬೆಳೆಯುವ ಕಾನಾ ಅನ್ನುವ ತಾಳೆ ಜಾತಿಯ ಮರದ ಹೆಸರಿಟ್ಟರು. ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ತಲೆ ಎತ್ತಿ ನೋಡಿ. ಚಾವಣಿಗೆ ಹೊದಿಸಿರುವುದು ಅದೇ ಗರಿ.

ಇಗ್ವೇ ಹಾಗಲ್ಲ. ಆ ಪ್ರಾಂತ್ಯದ ಮುಖ್ಯ ಪಟ್ಟಣ. ನಿಮ್ಮ ರೆಸಾರ್ಟಿನಲ್ಲಿ ಹಾಸಿಗೆ ಮಡಚುವವರು, ಅಡುಗೆಯವರು, ಅವರಲ್ಲಿ ಎಷ್ಟೋ ಜನ ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಾರೆ. ಬಾವಾರೊದಿಂದ ಸುಮಾರು 45 ಕಿಲೋಮೀಟರ್, ಕಾರಿನಲ್ಲಿ ಒಂದು ಗಂಟೆ.

ಅಲ್ಲಿರೋದು ಆಲ್ತಾಗ್ರಾಸಿಯಾ ಮಾತೆ. ಇಡೀ ದೇಶ ತಾಯಿ ಅಂತ ನಡೆದುಕೊಳ್ಳುವ ದೇವಿ. ದೊಡ್ಡ ವಿಗ್ರಹ ಇರುತ್ತೆ ಅಂದುಕೊಂಡರೆ ಇಲ್ಲ. ಒಂದು ಚಿತ್ರಪಟ, ಸುಮಾರು ಒಂದೂವರೆ ಅಡಿ ಎತ್ತರ. ಮಲಗಿರುವ ಮಗು, ಕೈಮುಗಿದು ನೋಡುತ್ತಿರುವ ತಾಯಿ, ಹಿಂದೆ ಜೋಸೆಫ್. 16ನೇ ಶತಮಾನದ ಶುರುವಿನಲ್ಲಿ ಸ್ಪೇನಿನಿಂದ ಬಂದ ತ್ರೇಹೊ ಅಣ್ಣತಮ್ಮಂದಿರು ತಂದದ್ದು ಅನ್ನುತ್ತಾರೆ. ಜನ ಹೇಳುವ ಕಥೆ ಬೇರೆ. ಒಬ್ಬ ವ್ಯಾಪಾರಿಯ ಮಗಳು ಅಪ್ಪನ ಹತ್ತಿರ ಈ ಚಿತ್ರ ಬೇಕು ಅಂತ ಕೇಳಿದಳಂತೆ. ಮನೆಗೆ ತಂದಿಟ್ಟರೆ ಮಾಯವಾಗಿ ಕಿತ್ತಳೆ ಮರದಲ್ಲಿ ಕಾಣಿಸಿಕೊಳ್ಳುತ್ತಿತ್ತಂತೆ. ಕೊನೆಗೆ ಅಲ್ಲೇ ಗುಡಿ ಕಟ್ಟಿದರು. ನಮ್ಮೂರ ಕಡೆ ಹುತ್ತದಲ್ಲಿ ದೇವರು ಸಿಕ್ಕ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಯಾನ್ ದಿಯೊನಿಸಿಯೊ ಅನ್ನುವ 16ನೇ ಶತಮಾನದ ಹಳೇ ಚರ್ಚು ಇನ್ನೂ ಇದೆ. ಈಗಿನ ದೊಡ್ಡ ಬಸಿಲಿಕಾ ಕಟ್ಟಲು ಶುರು ಮಾಡಿದ್ದು 1954ರಲ್ಲಿ, ಸರ್ವಾಧಿಕಾರಿ ತ್ರುಹಿಯೊ ಕಾಲದಲ್ಲಿ. ಅವನು 1961ರಲ್ಲಿ ಗುಂಡಿಗೆ ಬಲಿಯಾದ. ಬಾಗಿಲು ತೆರೆದದ್ದು 1971ರ ಜನವರಿ 21ಕ್ಕೆ. ವಿನ್ಯಾಸ ಫ್ರೆಂಚರದು. ಬರೀ ಕಾಂಕ್ರೀಟು, ಮುಗಿದ ಕೈಗಳ ಹಾಗೆ ಮೇಲೆದ್ದ ಕಮಾನು. ಮೊದಲ ನೋಟಕ್ಕೆ ಅಣೆಕಟ್ಟಿನ ಕಚೇರಿ ಥರ ಕಾಣುತ್ತೆ, ಸುಳ್ಳು ಯಾಕೆ ಹೇಳಲಿ. ಒಳಗೆ ಹೋದಮೇಲೆ ಅಭಿಪ್ರಾಯ ಬದಲಾಯ್ತು.

ಜನವರಿ 21 ಅಲ್ಲಿ ರಾಷ್ಟ್ರೀಯ ರಜೆ, ಲಕ್ಷಗಟ್ಟಲೆ ಜನ. ಆಗಸ್ಟಿನಲ್ಲಿ ಇನ್ನೊಂದಿದೆ. ಸುತ್ತಲಿನ ಹಳ್ಳಿಗಳವರು ಹರಕೆಯ ದನಗಳನ್ನು ಹೊಡೆದುಕೊಂಡು, ಹಾಡು ಹೇಳಿಕೊಂಡು, ದಿನಗಟ್ಟಲೆ ದಾರಿ ಸವೆಸಿ 14ನೇ ತಾರೀಕಿಗೆ ಇಗ್ವೇ ಸೇರುತ್ತಾರೆ. ನಿಮಗೆ ಎರಡೂ ಸಿಗಲ್ಲ. ಪರವಾಗಿಲ್ಲ. ಮಾಮೂಲಿ ದಿನವೇ ಹಿರಿಯರಿಗೆ ಒಳ್ಳೆಯದು.

ಹೇಗೆ ಹೋಗೋದು: ಪ್ಯಾಕೇಜ್ ತಗೋಬೇಡಿ. ಆರು ಜನ ಇದ್ದೀರಿ, ಒಂದು ವ್ಯಾನ್ ಮಾತಾಡಿ. ಗ್ವಾಗ್ವಾ ಅಂತ ಬಸ್ಸುಗಳೂ ಇವೆ, ತುಂಬಾ ಅಗ್ಗ. ಆದರೆ ದಾರಿಯಲ್ಲಿ ಸೈನಿಕರು ಹತ್ತಿ ಕಾಗದ ಕೇಳುವುದುಂಟು. ಪಕ್ಕದ ಹೈಟಿಯಿಂದ ಬಂದವರನ್ನು ಹುಡುಕುವ ತಪಾಸಣೆ ಅದು. ನಮ್ಮ ಮೈಬಣ್ಣ ನೋಡಿ ನನ್ನನ್ನೂ ಎರಡು ಸಲ ಕೇಳಿದ್ದಾರೆ. ಪಾಸ್‌ಪೋರ್ಟಿನ ನಕಲು ಜೇಬಿನಲ್ಲಿರಲಿ.

ಚರ್ಚಿನೊಳಗೆ ಚಡ್ಡಿ, ತೋಳಿಲ್ಲದ ಅಂಗಿ ಬಿಡಲ್ಲ. ಅತ್ತೆಯ ಸೀರೆಗೆ ಯಾವ ತಕರಾರೂ ಇಲ್ಲ. ನಿಮ್ಮ ಯಜಮಾನರ ಚಡ್ಡಿ ನೋಡಿಕೊಳ್ಳಿ.

ಇನ್ನೊಂದು. ಯಾವ ದೇಶ ಅಂತ ಕೇಳಿದರೆ 'ಇಂದಿಯೊ' ಅನ್ನಬೇಡಿ. ಅಲ್ಲಿ ಆ ಪದಕ್ಕೆ ಗೋಧಿ ಬಣ್ಣದವರು ಅಂತ ಅರ್ಥ. ಎಷ್ಟೋ ವರ್ಷ ಅವರ ಗುರುತಿನ ಚೀಟಿಯಲ್ಲೇ ಹಾಗೆ ಬರೆಯುತ್ತಿದ್ದರು. ನಾನು ಹಾಗಂದಾಗ ಅಂಗಡಿಯವಳು "ನಾನೂ ಇಂದಿಯೊನೇ, ಊರು ಯಾವುದು ಹೇಳು" ಅಂದಳು. 'ದೆ ಲಾ ಇಂದಿಯಾ' ಅನ್ನಿ.

ಎಡಿಸನ್ ಸೊಸೆ:
ಅಬ್ಬಾ, ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ಅಣೆಕಟ್ಟಿನ ಕಚೇರಿ ಅಂದಿದ್ದಕ್ಕೆ ಗೂಗಲ್ ಮಾಡಿ ನೋಡಿದೆ. ಹೌದು!! ಚಾವೋನ್ ಬಗ್ಗೆ ಯಾರೂ ಹೇಳಲಿಲ್ಲ? ಫೋಟೊದಲ್ಲಿ ಅದೇ ಚೆನ್ನಾಗಿ ಕಾಣಿಸ್ತಿದೆ.

ಟೊರಾಂಟೊ ತಿಂಡಿಪೋತ:
ಫೋಟೊಗೆ ಅಂತಾನೇ ಕಟ್ಟಿದ್ದು ಅಲ್ವಾ ಅದು. 16ನೇ ಶತಮಾನದ ಮೆಡಿಟರೇನಿಯನ್ ಹಳ್ಳಿ ಅಂತಾರೆ. ಕಟ್ಟಲು ಶುರು ಮಾಡಿದ್ದು 1976ರಲ್ಲಿ. ನನಗಿಂತ ಎರಡು ವರ್ಷ ಚಿಕ್ಕದು.

ಸಾಂತೊದ ಹಳಬ:
ಹ್ಹಹ್ಹ. ಸರಿ, ಆದರೆ ಪೂರ್ತಿ ಬಿಸಾಕಬೇಡಿ. ಅಮೆರಿಕದ ಒಂದು ದೊಡ್ಡ ಕಂಪನಿಯ ಯಜಮಾನ ಚಾರ್ಲ್ಸ್ ಬ್ಲೂಡಾರ್ನ್ ಕಟ್ಟಿಸಿದ್ದು. ಸಿನಿಮಾ ಸೆಟ್ ಹಾಕುತ್ತಿದ್ದ ರೊಬೆರ್ತೊ ಕೋಪಾ ವಿನ್ಯಾಸ ಮಾಡಿದ, ಹಾಗಾಗಿ ಸೆಟ್ಟಿನ ಥರ ಕಾಣೋದು ತಪ್ಪೇನಲ್ಲ. 1982ರಲ್ಲಿ ಬಯಲು ರಂಗಮಂದಿರ ಶುರುವಾದಾಗ ಹಾಡಿದ್ದು ಫ್ರಾಂಕ್ ಸಿನಾಟ್ರ. ಕಲ್ಲು ಕೆತ್ತಿದವರು, ಮರಗೆಲಸ ಮಾಡಿದವರು ಮಾತ್ರ ಅಪ್ಪಟ ಸ್ಥಳೀಯರು. ಅಲ್ಲಿನ ವಿನ್ಯಾಸ ಶಾಲೆಯಲ್ಲಿ ಈಗಲೂ ಹುಡುಗರು ಕಲಿಯುತ್ತಾರೆ. ಮತ್ತೆ ಒಂದು ಸಣ್ಣ ಮ್ಯೂಸಿಯಂ ಇದೆ, ಸ್ಪೇನಿನವರು ಬರುವ ಮೊದಲೇ ಅಲ್ಲಿದ್ದ ತಾಯಿನೊ ಜನರ ಮಡಕೆ, ಕಲ್ಲಿನ ವಿಗ್ರಹ, ಕೊಡಲಿ. ಅದೊಂದು ನಿಜವಾದ ಚಿನ್ನ. ಎಲ್ಲರೂ ಕಣಿವೆಯ ಮುಂದೆ ಸೆಲ್ಫಿ ತಗೊಂಡು ಅದನ್ನು ಬಿಟ್ಟು ಬರ್ತಾರೆ.

ಬಾಯಾಹಿಬೆ ಕಡೆ ರೆಸಾರ್ಟ್ ಆಗಿದ್ದರೆ ಅರ್ಧ ಗಂಟೆಯ ದಾರಿ, ಹೋಗಿ ಅನ್ನುತ್ತಿದ್ದೆ. ಬಾವಾರೊದಿಂದ ಹೋಗಿ ಬರೋದರಲ್ಲೇ ಅರ್ಧ ದಿನ ಮುಗಿಯುತ್ತೆ. ಒಳಗೆಲ್ಲ ಉರುಟು ಕಲ್ಲಿನ ನೆಲ, ಮೆಟ್ಟಿಲು. ನಿಮ್ಮ ಮಾವನಿಗೆ ಆಗಿಬರಲ್ಲ.

ಹಳೇ ಮೇಷ್ಟ್ರು:
ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಆ ದೇಶಕ್ಕೆ ಹೋಗಿಲ್ಲ, ಹೋಗುವುದೂ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕೊಲಂಬಸ್ ಪಾಠ ಮಾಡಿದ್ದೇನೆ, ಹಾಗಾಗಿ ಒಂದು ಮಾತು.

ಇಗ್ವೇ ಅನ್ನುವುದು ಸ್ಪ್ಯಾನಿಷ್ ಹೆಸರಲ್ಲ. ಸ್ಪೇನಿನವರು ಬಂದಾಗ ಆ ದ್ವೀಪದಲ್ಲಿ ತಾಯಿನೊ ಜನರ ಐದು ಪಾಳೆಯಗಳಿದ್ದವು. ಪೂರ್ವದ ಪಾಳೆಯದ ಹೆಸರು ಇಗ್ವೇ. ನೀವೆಲ್ಲ ಹೋಗುವ ಸಾವೋನಾ ದ್ವೀಪ ಇದೆಯಲ್ಲ, ಕ್ಯಾಟಮರಾನಿನಲ್ಲಿ ಕುಣಿದುಕೊಂಡು ಹೋಗುವುದು, ಯುದ್ಧದ ಕಿಡಿ ಹಾರಿದ್ದು ಅಲ್ಲೇ. ಲಾಸ್ ಕಾಸಾಸ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ. ತಾಯಿನೊಗಳು ಮರಗೆಣಸಿನ ರೊಟ್ಟಿಯನ್ನು ಸ್ಪೇನಿನವರ ದೋಣಿಗೆ ಹೊರುತ್ತಿದ್ದರು. ಅವರ ನಾಯಕ ಕೋಲು ಹಿಡಿದು ಮೇಲುಸ್ತುವಾರಿ ನೋಡುತ್ತಿದ್ದ. ಒಬ್ಬ ಸ್ಪೇನಿನವನ ಕೈಯಲ್ಲಿ ಬೇಟೆನಾಯಿ. ತಮಾಷೆಗೆ ಛೂ ಅಂದ. ನಾಯಿ ಹಗ್ಗ ಕಿತ್ತುಕೊಂಡು ಹೋಗಿ ನಾಯಕನ ಕರುಳು ಬಗೆಯಿತು. ತಾಯಿನೊಗಳು ಸೇಡು ತೀರಿಸಿಕೊಂಡರು. ಅದೇ ನೆಪವಾಗಿ ಹುವಾನ್ ದೆ ಎಸ್ಕಿವೆಲ್ ದಂಡು ತಂದ. ಇಗ್ವೇಯ ಒಡೆಯ ಕೊತುಬಾನಮಾನನ್ನು ಹಿಡಿದು ಸಾಂತೊ ದೊಮಿಂಗೊಕ್ಕೆ ಒಯ್ದು ನೇಣು ಹಾಕಿದರು. ಕೊಲಂಬಸ್ ಕಾಲಿಟ್ಟು ಹನ್ನೆರಡು ಹದಿಮೂರು ವರ್ಷವೂ ಆಗಿರಲಿಲ್ಲ.

ಆ ರೊಟ್ಟಿಯ ಹೆಸರು ಕಸಾಬೆ. ಈಗಲೂ ಸಿಗುತ್ತದಂತೆ, ತಿಂದು ನೋಡಿ. ಮೊಮ್ಮಕ್ಕಳಿಗೆ ಈ ಕಥೆ ಹೇಳಿ. ನಾಯಿ ಭಾಗ ಚಿಕ್ಕವನಿಗೆ ಬೇಡ.

ಕಲಬುರ್ಗಿ ಖಾರ:
ಮೇಷ್ಟ್ರೇ, ಕಸಾಬೆ ನಾ ತಿಂದೀನಿ, ಮಿಯಾಮಿಯಾಗ. ನಮ್ಮ ಖಡಕ್ ರೊಟ್ಟಿ ಅಣ್ಣತಮ್ಮ. ತಿಂಗಳುಗಟ್ಟಲೆ ಕೆಡಂಗಿಲ್ಲ, ಅದಕ್ಕೇ ಹಡಗಿನವರಿಗೆ ಬೇಕಾಗಿತ್ತು ಅನಸ್ತದ. ಕಹಿ ಮರಗೆಣಸಿನಾಗ ವಿಷ ಇರ್ತದ. ತುರಿದು, ಹಿಂಡಿ ರಸ ತೆಗೆದು, ಆಮೇಲೆ ಹಂಚಿನ ಮ್ಯಾಲೆ ಸುಡ್ತಾರ. ಮೊದಲು ಕಂಡುಹಿಡಿದಾಕಿಗೆ ದೊಡ್ಡ ನಮಸ್ಕಾರ. 2024ರಾಗ ಯುನೆಸ್ಕೊ ಪಟ್ಟಿಗೂ ಸೇರ್ತು. ಶೇಂಗಾ ಚಟ್ನಿ ಒಯ್ಯಿರಿ ಜೋಡಿಗೆ.

ಪುತ್ತೂರಿನ ತೋಟ:
ಸಫಾರಿಯಲ್ಲಿ ಚಾಕೊಲೇಟ್ ಕೊಟ್ಟರು ಅಂತ ಮೇಲೆ ಬಂತು. ಕೋಕೋ ತೋಟವನ್ನೂ ತೋರಿಸುತ್ತಾರಂತೆ. ನಮ್ಮಲ್ಲಿ ಅಡಿಕೆ ಮಧ್ಯೆ ಕೋಕೋ ಇದೆ. ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿ ಶುರು ಮಾಡಿದ ಮೇಲೆ ನಮ್ಮ ಕಡೆ ಕೋಕೋಗೆ ಸ್ವಲ್ಪ ಮರ್ಯಾದೆ ಬಂತು. ಅಳಿಲು, ಮಂಗಕ್ಕೆ ಅದಕ್ಕೂ ಮೊದಲೇ ಗೊತ್ತಿತ್ತು.

ಅಲ್ಲಿಗೆ ಹೋದರೆ ಒಂದು ಕೇಳಿಕೊಂಡು ಬನ್ನಿ. ಅಲ್ಲಿ ಬೀಜದಲ್ಲಿ ಎರಡು ದರ್ಜೆ ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಹಾಕಿ ಹುಳಿ ಬರಿಸಿದ್ದು 'ಇಸ್ಪಾನಿಯೋಲಾ'. ಹುಳಿ ಬರಿಸದೆ ಹಾಗೇ ಒಣಗಿಸಿದ್ದು 'ಸಾಂಚೆಸ್'. ನಮ್ಮಲ್ಲಿ ಬಹಳ ಜನ ಹಸಿ ಬೀಜವನ್ನೇ ಮಾರಿ ಕೈತೊಳೆದುಕೊಳ್ಳುತ್ತೇವೆ, ಹುಳಿ ಬರಿಸುವ ಕೆಲಸ ಕೊಂಡವರದ್ದು. ಅಲ್ಲಿಯ ಸಣ್ಣ ರೈತ ಮನೆಯಲ್ಲೇ ಮಾಡುತ್ತಾನಾ, ಸಂಘದ್ದಾ? ಎಷ್ಟು ದಿನ, ಎಷ್ಟು ಸಲ ಮಗುಚುತ್ತಾರೆ? ಪ್ರವಾಸಿಗರಿಗೆ ತೋರಿಸುವ ತೋಟದಲ್ಲಿ ಇದನ್ನು ಕೇಳಿದರೆ ಗೈಡ್ ಮುಖ ಹೇಗಾಗುತ್ತೆ ಅಂತಲೂ ಬರೆಯಿರಿ.

ಮದ್ದೂರು ವಡೆ:
ನಾನು ಇಗ್ವೇಯಿಂದ ಲಾ ರೊಮಾನಾ ಕಡೆ ಹೋದವನು. ರಸ್ತೆಯ ಎರಡೂ ಬದಿ ಕಬ್ಬು, ಕಬ್ಬು, ಕಬ್ಬು. ಮಂಡ್ಯ ಅಂದುಕೊಂಡು ಖುಷಿಯಾಗಿ ಕೆಳಗಿಳಿದೆ. ಆದರೆ ಮಂಡ್ಯ ಅಲ್ಲ. ನಮ್ಮಲ್ಲಿ ಎರಡು ಎಕರೆಯವನ ಕಬ್ಬು, ಮೂರು ಎಕರೆಯವನ ಕಬ್ಬು. ಅಲ್ಲಿ ಕಣ್ಣು ಹಾಯುವವರೆಗೂ ಒಂದೇ ಕಂಪನಿಯದ್ದು. ನಡುವೆ ಬಾತೇ ಅನ್ನುವ ಕೂಲಿ ಲೈನುಗಳು. ಕಡಿಯುವವರು ಬಹುಪಾಲು ಹೈಟಿಯವರು, ಇಲ್ಲವೇ ಹೈಟಿಯವರಿಗೆ ಅಲ್ಲೇ ಹುಟ್ಟಿದ ಮಕ್ಕಳು. ಆ ದೇಶದ ಒಂದು ದೊಡ್ಡ ಕಂಪನಿಯ ಸಕ್ಕರೆಯನ್ನು, ಬಲವಂತದ ದುಡಿಮೆಯ ಕಾರಣ ಕೊಟ್ಟು, ಅಮೆರಿಕ 2022ರಲ್ಲಿ ಬಂದರಿನಲ್ಲೇ ತಡೆದಿತ್ತು.

ಸಫಾರಿಯವರು ಕಬ್ಬಿನ ಜಲ್ಲೆ ಸಿಗಿದು ತುಂಡು ತುಂಡು ತಿನ್ನಿಸುತ್ತಾರೆ. ಬಾತೇ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ. ಕಬ್ಬು ಅಲ್ಲಿಗೆ ಬಂದದ್ದು ಕೊಲಂಬಸ್‌ನ ಎರಡನೇ ಯಾನದಲ್ಲಿ, 1493. ಆಮೇಲೆ ಗಾಣ ತಿರುಗಿಸಲು ಆಫ್ರಿಕಾದವರನ್ನು ಹಿಡಿದು ತಂದರು. 1521ರ ಕ್ರಿಸ್‌ಮಸ್ ಹೊತ್ತಿಗೆ ಕೊಲಂಬಸ್‌ನ ಮಗನ ಕಬ್ಬಿನ ತೋಟದಲ್ಲೇ ಅವರು ದಂಗೆ ಎದ್ದರು. ಇದನ್ನೆಲ್ಲ ಬಿಟ್ಟು 'ಕಬ್ಬಿನ ಸಂಸ್ಕೃತಿ' ಅಂದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ.

ಟೊರಾಂಟೊ ತಿಂಡಿಪೋತ:
ವಡೆಯವರೇ, ಒಪ್ಪಿದೆ. ಆದರೆ ಪಾಪ ಅವರು ಅತ್ತೆ ಮಾವನ ಜೊತೆ ಅರ್ಧ ದಿನಕ್ಕೆ ಹೊರಟಿದ್ದಾರೆ.

ಮದ್ದೂರು ವಡೆ:
ಅರ್ಧ ದಿನಕ್ಕೆ ಅಂತ ಅರ್ಧ ನಿಜ ಹೇಳಬೇಕಾ?

ಬೀದಿ ಬಸವ:
ಜಗಳ ಬೇಡ್ರಪ್ಪಾ. ಕೆಲಸಕ್ಕೆ ಬರುವ ವಿಷಯ ಒಂದು. ಅತ್ತೆ ಮಾವನಿಗೆ ಅಮೆರಿಕದ ವಿಸಿಟರ್ ವೀಸಾ ಇದ್ದರೆ ಡೊಮಿನಿಕನ್‌ಗೆ ಬೇರೆ ವೀಸಾ ಬೇಡ. ಆನ್‌ಲೈನಿನಲ್ಲಿ ಇ-ಟಿಕೆಟ್ ಅನ್ನುವ ಫಾರಂ ತುಂಬಬೇಕು, ಅದು ಉಚಿತ. ದುಡ್ಡು ಕೇಳುವ ನಕಲಿ ಸೈಟುಗಳಿವೆ, ಹುಷಾರು. ನೀವು ಎಚ್-1ಬಿ ಆಗಿದ್ದು ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿದ್ದರೆ ಹೋಗಲೇಬೇಡಿ. ಕೆನಡಾ, ಮೆಕ್ಸಿಕೊಗೆ ಹೋದರೆ 30 ದಿನದೊಳಗೆ ಮುಗಿದ ಸ್ಟಾಂಪಿನಲ್ಲೇ ವಾಪಸ್ ಬರುವ ರಿಯಾಯಿತಿ ಇದೆ, ಅದು ಎಚ್-1ಬಿಯವರಿಗೆ ಕೆರಿಬಿಯನ್ನಿಗೆ ಇಲ್ಲ.

ಎಡಿಸನ್ ಸೊಸೆ:
ಸ್ಟಾಂಪ್ ಇದೆ. ಇಗ್ವೇ ಅಂತ ತೀರ್ಮಾನ ಆಯ್ತು. ಬಂದು ಬರೀತೀನಿ.

ಎಡಿಸನ್ ಸೊಸೆ:
ಬಂದೆವು! ಮೂರು ದಿನ ಆಯ್ತು, ಬಟ್ಟೆ ಒಗೆಯೋದರಲ್ಲೇ ಇದ್ದೆ. ಉದ್ದ ಆಗುತ್ತೆ, ಚಹಾ ಹಿಡಿದುಕೊಂಡು ಕೂತ್ಕೊಳ್ಳಿ.

ಮೊದಲ ದಿನ ಮಾವನ ಗಲಾಟೆ. ಅರಸೀಕೆರೆಯಲ್ಲಿ ತೆಂಗಿನ ತೋಟ ಇಟ್ಟುಕೊಂಡವರು. ರೆಸಾರ್ಟಿನಲ್ಲಿ ಒಬ್ಬ ಹುಡುಗ ಮರ ಹತ್ತಿ, ಪ್ರವಾಸಿಗರ ತಲೆ ಮೇಲೆ ಬೀಳಬಾರದು ಅಂತ ಎಳೆಕಾಯಿ ಗೊನೆಗಳನ್ನೆಲ್ಲ ಕಡಿದು ಹಾಕ್ತಿದ್ದ. ಮಾವ ಹೋಗಿ ಮರದ ಕೆಳಗೆ ನಿಂತು ಕನ್ನಡದಲ್ಲಿ ಬೈದರು. ಹುಡುಗ ಒಂದು ಎಳನೀರು ಕೊಚ್ಚಿ ಕೊಟ್ಟ. ಆಮೇಲೆ ದಿನಾ ಬೆಳಿಗ್ಗೆ ಒಂದು.

ಮೂರನೇ ದಿನ ಇಗ್ವೇ. ರೆಸಾರ್ಟ್ ಡೆಸ್ಕಿನವರು ಹೇಳಿದ ರೇಟು ಕೇಳಿ ಹೊರಗೆ ಬಂದೆ. ನಮ್ಮ ರೂಮ್ ಕ್ಲೀನ್ ಮಾಡುವ ಹುಡುಗಿ ಇಗ್ವೇಯವಳೇ. ಅವಳ ಚಿಕ್ಕಪ್ಪನ ಹತ್ತಿರ ವ್ಯಾನ್ ಇದೆಯಂತೆ. ಅವನಿಗೆ ಇಂಗ್ಲಿಷ್ ಬರಲ್ಲ, ನಮಗೆ ಸ್ಪ್ಯಾನಿಷ್ ಬರಲ್ಲ. ಏಳು ಗಂಟೆಗೆ ಹೊರಟೆವು.

ಅಣೆಕಟ್ಟಿನ ಕಚೇರಿ ದೂರದಿಂದಲೇ ಕಾಣಿಸಿತು. ಒಳಗೆ ಹೋದರೆ ಕತ್ತಲೆ ತಂಪು, ಬಣ್ಣದ ಗಾಜಿನ ಬೆಳಕು. ಚಿತ್ರಪಟದ ಮುಂದೆ ಹೋಗಲು ಸಾಲು. ಅತ್ತೆ ಯಾರನ್ನೂ ಕೇಳದೆ ಹೋಗಿ ಸಾಲಿನಲ್ಲಿ ನಿಂತರು. ಅವರ ಮುಂದೆ ಒಬ್ಬ ಹೆಂಗಸು, ಕಂಕುಳಲ್ಲಿ ಮಗು. ಮಗುವಿನ ಕಾಲಿಗೆ ಪಟ್ಟಿ ಕಟ್ಟಿತ್ತು. ಆಕೆ ಗಾಜಿಗೆ ಕೈ ಮುಟ್ಟಿಸಿ, ಆ ಕೈಯನ್ನು ಮಗುವಿನ ಕಾಲಿಗೆ ಒರೆಸಿದಳು. ನಮ್ಮತ್ತೆಯೂ ಗಾಜು ಮುಟ್ಟಿದರು. ಕೈಯನ್ನು ಹಿಂದೆ ಬರುತ್ತಿದ್ದ ಮಾವನ ಮಂಡಿಗೆ ಒರೆಸಿದರು. ಮಾವ "ಏಯ್, ಜನ ನೋಡ್ತಾರೆ" ಅಂದರು. ಯಾರೂ ನೋಡಲಿಲ್ಲ. ಅಲ್ಲಿ ಎಲ್ಲರೂ ಅದನ್ನೇ ಮಾಡ್ತಿದ್ದರು.

ಪಕ್ಕದ ಮ್ಯೂಸಿಯಂನಲ್ಲಿ ಹರಕೆ ಒಪ್ಪಿಸಿದ ವಸ್ತುಗಳಿವೆ. ಲೋಹದ ಪುಟ್ಟ ಕಣ್ಣು, ಕೈ, ಕಾಲು. ಅತ್ತೆ ಅಲ್ಲೇ ನಿಂತುಬಿಟ್ಟರು. "ಇವರಿಗೂ ಬೆಳ್ಳಿ ಕಣ್ಣು ಗೊತ್ತಾ?" ಅಂದರು. ಆಮೇಲೆ ಮಕ್ಕಳನ್ನು ಹತ್ತಿರ ಕರೆದು, ನನ್ನ ಗಂಡನಿಗೆ ಮೂರು ವರ್ಷದಲ್ಲಿ ಕಣ್ಣು ಬೇನೆ ಬಂದಿದ್ದು, ಬೆಳ್ಳಿ ಕಣ್ಣು ಮಾಡಿಸಿಕೊಂಡು ಜೇನುಕಲ್ಲು ಸಿದ್ದೇಶ್ವರನ ಬೆಟ್ಟ ಹತ್ತಿದ್ದು ಹೇಳಿದರು. ಮದುವೆಯಾಗಿ ಹದಿನಾಲ್ಕು ವರ್ಷ, ಈ ಕಥೆ ನಾನು ಕೇಳೇ ಇರಲಿಲ್ಲ. ಗಂಡನೂ ಕೇಳಿರಲಿಲ್ಲ!

ಹಳೇ ಚರ್ಚಿಗೂ ಹೋದೆವು, ಐದು ನಿಮಿಷ. ಬಿಸಿಲು ಜಾಸ್ತಿ ಇತ್ತು.

ಮಾರ್ಕೆಟ್. ಟೂರಿಸ್ಟ್ ಮಾರ್ಕೆಟ್ ಅಲ್ಲ, ತರಕಾರಿ ಮಾರ್ಕೆಟ್. ಮಾಂಸದ ಸಾಲು ದಾಟುವಾಗ ಅತ್ತೆ ಸೆರಗು ಮೂಗಿಗೆ ಹಿಡಿದರು. ಆಚೆ ಬದಿಗೆ ಹೋದಮೇಲೆ ನಮ್ಮನ್ನು ಬಿಟ್ಟು ಅವರೇ ಮುಂದೆ. ಬಾಳೆಕಾಯಿ, ಮರಗೆಣಸು, ಹುಣಸೆ, ಸೀಬೆ, ಪಪ್ಪಾಯಿ. ಒಂದು ಮುದುಕಿ ಹಸಿರು ಕಾಳು ಸುಲಿಯುತ್ತಾ ಕೂತಿತ್ತು. ಅತ್ತೆ ಬಗ್ಗಿ ಒಂದು ಕಾಯಿ ಬಿಡಿಸಿ, "ತೊಗರಿಕಾಯಿ ಕಣೇ!" ಅಂದರು. ಹೌದು, ನಮ್ಮ ಹಸಿ ತೊಗರಿಕಾಯಿಯೇ. ಅಲ್ಲಿ ಗ್ವಾಂದೂಲೆಸ್ ಅಂತಾರಂತೆ. ಅತ್ತೆ ಮುದುಕಿಯ ಪಕ್ಕದಲ್ಲಿ ಖಾಲಿ ಡಬ್ಬದ ಮೇಲೆ ಕೂತು ಸುಲಿಯೋಕೆ ಶುರು ಮಾಡಿದರು. ಹತ್ತು ನಿಮಿಷ ಇಬ್ಬರೂ ಮಾತಾಡಿದರು. ಒಬ್ಬರು ಕನ್ನಡ, ಒಬ್ಬರು ಸ್ಪ್ಯಾನಿಷ್. ಏನು ಮಾತಾಡಿದಿರಿ ಅಂತ ಕೇಳಿದರೆ "ಅವಳ ಸೊಸೆ ಸರಿ ಇಲ್ಲವಂತೆ" ಅಂದರು. ಹೇಗೆ ಗೊತ್ತಾಯ್ತೋ ದೇವರಿಗೇ ಗೊತ್ತು.

ಊಟಕ್ಕೆ ಡ್ರೈವರ್ ಒಂದು ಚಿಕ್ಕ ಹೋಟೆಲಿಗೆ ಕರೆದುಕೊಂಡು ಹೋದ. ಫೋನಿನಲ್ಲಿ ಅನುವಾದ ಮಾಡಿ, ಮಾಂಸ ಬೇಡ, ಮಾಂಸದ ಸಾರು ಬೇಡ, ಮೊಟ್ಟೆ ಬೇಡ ಅಂತ ತೋರಿಸಿದೆ. ಸಾಂತೊದ ಹಳಬರೇ, ಅವರ ಹುರುಳಿಕಾಯಿ ಬೀಜದ ಸಾರಿಗೆ ಹಂದಿ ಮಾಂಸ ಹಾಕ್ತಾರೆ ಅಂತ ನೀವು ಹೇಳಲೇ ಇಲ್ಲವಲ್ಲ! ಹೋಟೆಲಿನಾಕೆ ನಮಗೆ ಕೊಟ್ಟಿದ್ದು ತೆಂಗಿನ ಹಾಲಿನಲ್ಲಿ ತೊಗರಿಕಾಳು ಹಾಕಿ ಮಾಡಿದ ಅನ್ನ, ಬಾಳೆಕಾಯಿ ಜಜ್ಜಿ ಕರಿದದ್ದು, ಬೆಣ್ಣೆಹಣ್ಣು. ಮಾವ ಎರಡು ಸಲ ಹಾಕಿಸಿಕೊಂಡರು. ಉಪ್ಪಿನಕಾಯಿ ನಾವೇ ಒಯ್ದಿದ್ದೆವು, ಡ್ರೈವರಿಗೂ ಕೊಟ್ಟೆವು. ಅವನ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ.

ಕೊನೆಗೆ ಒಂದು ಬಟ್ಟಲು ಸಿಹಿ. ಈಸ್ಟರ್‌ಗೆ ಮೊದಲಿನ ನಲವತ್ತು ದಿನದಲ್ಲಿ ಮನೆಮನೆಯಲ್ಲೂ ಮಾಡೋದಂತೆ, ಹಬಿಚುವೇಲಾಸ್ ಕೋನ್ ದುಲ್ಸೆ. ಕೆಂಪು ಬೀನ್ಸ್ ಬೇಯಿಸಿ ರುಬ್ಬಿ, ತೆಂಗಿನ ಹಾಲು, ಸಕ್ಕರೆ, ಗೆಣಸಿನ ತುಂಡು, ದ್ರಾಕ್ಷಿ, ಚಕ್ಕೆ ಲವಂಗ. ಮೇಲೆ ಒಂದು ಬಿಸ್ಕತ್ತು. ಅತ್ತೆ ಬಾಯಿಗಿಟ್ಟು ಒಂದು ನಿಮಿಷ ಸುಮ್ಮನಿದ್ದರು. "ಏಲಕ್ಕಿ ಮರೆತಿದ್ದಾರೆ. ಇಲ್ಲಾಂದ್ರೆ ಪಾಯಸವೇ" ಅಂದರು.

ಎರಡು ಗಂಟೆಗೆ ವಾಪಸ್. ದಾರಿಯಲ್ಲಿ ಕಬ್ಬು ತುಂಬಿದ ಗಾಡಿಗಳು. ದೊಡ್ಡ ಮಗನಿಗೆ ವಡೆಯವರು ಬರೆದಿದ್ದನ್ನು ಓದಿ ಹೇಳಿದ್ದೆ. ಅವನು ಕಿಟಕಿಯಿಂದ ಗಾಡಿ ಎಣಿಸಿದ, ಏನೂ ಮಾತಾಡಲಿಲ್ಲ. ಸಂಜೆ ರೆಸಾರ್ಟಿನ ವೇದಿಕೆಯಲ್ಲಿ ಮೆರೆಂಗೆ ಕುಣಿತ ಇತ್ತು. ಅಕಾರ್ಡಿಯನ್, ಲೋಹದ ಗೀಸುವ ವಾದ್ಯ, ಮತ್ತೆ ನಮ್ಮ ಡೋಲಿನ ಹಾಗೆ ಒಂದು ಬದಿ ಕೋಲು, ಇನ್ನೊಂದು ಬದಿ ಕೈಯಲ್ಲಿ ಬಾರಿಸುವ ತಾಂಬೋರಾ. ಅತ್ತೆ ಕೂತಲ್ಲೇ ತಾಳ ಹಾಕಿದರು.

ಪುತ್ತೂರಿನ ತೋಟದವರೇ, ಕೋಕೋ ತೋಟಕ್ಕೆ ಹೋಗಲಾಗಲಿಲ್ಲ, ಸಾರಿ. ಮಾರ್ಕೆಟಿನಲ್ಲಿ ಒಣ ಬೀಜ ಮಾರುತ್ತಿದ್ದವನಿಗೆ 'ಇಸ್ಪಾನಿಯೋಲಾ? ಸಾಂಚೆಸ್?' ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, ಕೌಂಟರಿನ ಕೆಳಗಿಂದ ಬೇರೆ ಚೀಲ ತೆಗೆದ!

ಪುತ್ತೂರಿನ ತೋಟ:
ಅದು ಹುಳಿ ಬರಿಸಿದ್ದೇ ಇರಬೇಕು. ಒಂದು ಬೀಜ ಅಡ್ಡ ಕತ್ತರಿಸಿ ನೋಡಿ. ಒಳಗೆ ಕಂದು ಬಣ್ಣ, ಗೆರೆ ಗೆರೆ ಬಿರುಕು ಇದ್ದರೆ ಸರಿಯಾಗಿ ಆಗಿದೆ. ಬೂದು ಬಣ್ಣ, ಗಟ್ಟಿ ಇದ್ದರೆ ನಿಮಗೂ ಟೋಪಿ.

ಎಡಿಸನ್ ಸೊಸೆ:
ಕತ್ತರಿಸಿದೆ. ಕಂದು, ಬಿರುಕು ಇದೆ!

ಸಾಂತೊದ ಹಳಬ:
ಹಂದಿ ವಿಷಯ ಮರೆತೆ, ಕ್ಷಮಿಸಿ. ನಾನು ಮಾಂಸ ತಿನ್ನುವವನು, ಹೊಳೆಯಲೇ ಇಲ್ಲ. ಆ ಪಾಯಸದ ಹೆಸರು ನೋಡಿ ಬಾಯಲ್ಲಿ ನೀರು ಬಂತು. ಪಕ್ಕದ ಮನೆಯವರೆಲ್ಲ ಡಬ್ಬಿಯಲ್ಲಿ ಕೊಟ್ಟು ಕಳಿಸ್ತಿದ್ದರು, ಫ್ರಿಜ್ಜಿನಲ್ಲಿ ಜಾಗ ಇರ್ತಿರಲಿಲ್ಲ.

ಕಲಬುರ್ಗಿ ಖಾರ:
ತೊಗರಿ ಅಲ್ಲೀತನಕ ಹೋಗ್ಯದ ಅಂತ ಈಗೇ ಗೊತ್ತಾತು. ನಮ್ಮ ಮಂದಿ ವೀಸಾ ಕೇಳೂಕಿಂತ ಮೊದಲ ಹೋಗ್ಯದ.

ಹಳೇ ಮೇಷ್ಟ್ರು:
ಕಸಾಬೆ ತಿಂದಿರಾ?

ಎಡಿಸನ್ ಸೊಸೆ:
ತಂದಿದ್ದೀವಿ ಮೇಷ್ಟ್ರೇ, ಎರಡು ಪ್ಯಾಕೆಟ್. ಕಥೆ ಹೇಳಿದೆ. ನಾಯಿ ಭಾಗ ಬಿಟ್ಟೆ. ಚಿಕ್ಕವನು "ಆ ದೋಣಿಯ ರೊಟ್ಟಿ ಇದೇನಾ?" ಅಂತ ಒಂದು ತುಂಡು ಎತ್ತಿಟ್ಟುಕೊಂಡಿದ್ದಾನೆ, ಶಾಲೆಗೆ ಒಯ್ಯಲು.

ಬೀದಿ ಬಸವ:
ಆ ವ್ಯಾನಿನವನ ನಂಬರ್ ನನಗೆ ಮೆಸೇಜ್ ಮಾಡ್ತೀರಾ? ಡಿಸೆಂಬರಿನಲ್ಲಿ ನಮ್ಮಮ್ಮ ಬರ್ತಿದ್ದಾರೆ. ಇನ್ನೊಂದು ಸಲ ಹೋಗೋಣ ಅಂತ ಮಗಳೂ ಕೇಳ್ತಿದ್ದಾಳೆ, ಲಾರಿ ಬೇಡ ಅಂತ ಮೊದಲೇ ಷರತ್ತು ಹಾಕಿದ್ದಾಳೆ.

ಎಡಿಸನ್ ಸೊಸೆ:
ಕಳಿಸಿದ್ದೀನಿ. ಅವನಿಗೆ ಇಂಗ್ಲಿಷ್ ಬರಲ್ಲ, ಮೊದಲೇ ಹೇಳ್ತೀನಿ. ನಿಮ್ಮಮ್ಮನಿಗೆ ಬರುತ್ತಾ?

ಬೀದಿ ಬಸವ:
ಇಲ್ಲ.

ಎಡಿಸನ್ ಸೊಸೆ:
ಹಾಗಿದ್ರೆ ಏನೂ ತೊಂದರೆ ಇಲ್ಲ. ಉಪ್ಪಿನಕಾಯಿ ಮಾತ್ರ ಮರೆಯಬೇಡಿ, ಅವನು ಕೇಳ್ತಾನೆ.